ಹನ್ನೊಂದು ಮನೆಯ ಕೊಲಾಚ್

ಹ್ರಾಬೊವಾನಿ
ಮೇ 19, 2014

ಪ್ರೀತಿಯ ರೋಜಿನಕ್ಕ,

ನೀನು ಮಾರ್ಚ್‌ನಲ್ಲಿ ಬರೆದ ಕಾಗದಕ್ಕೆ ಮೇ ಮುಗಿಯುತ್ತ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಕಾಗದ ಪೂರ್ತಿ ಓದಿದ ಮೇಲೆ ಬೈ, ಆಗ ಇನ್ನೂ ಚೆನ್ನಾಗಿ ಬೈಯಬಹುದು. ನಿನ್ನ ಮಂಡಿ ನೋವು ಹೇಗಿದೆ? ಕಿವಿಯ ಮೆಷಿನ್ ಹಾಕಿಕೊಳ್ಳುತ್ತಿದ್ದೀಯೋ ಅಥವಾ ಮೊದಲಿನ ಹಾಗೆ ಹೊಲಿಗೆ ಪೆಟ್ಟಿಗೆಯಲ್ಲಿ ಮಲಗಿಸಿದ್ದೀಯೋ? ಬೊರಿವೊಯ್ ಭಾವನ ಸಮಾಧಿಗೆ ನನ್ನ ಹೆಸರಿನಲ್ಲೂ ಒಂದು ದೀಪ ಹಚ್ಚು. ನಾನು ಆರೋಗ್ಯವಾಗಿದ್ದೇನೆ. ರಕ್ತದೊತ್ತಡ ಇದೆ, ಆದರೆ ಈ ಊರಿನಲ್ಲಿದ್ದು ರಕ್ತದೊತ್ತಡ ಇಲ್ಲದವಳು ಯಾರು?

ಮುಖ್ಯ ವಿಷಯ ಮೊದಲು ಹೇಳಿಬಿಡುತ್ತೇನೆ. ನಮ್ಮೂರ ಫ್ರಗಾಲ್ ಮಿತ್ರರ ಸಂಘದವರು ನಿನಗೊಂದು ಬಣ್ಣದ ಆಮಂತ್ರಣ ಕಳಿಸಿದ್ದಾರಂತೆ. ಜೂನ್ ಹದಿನಾಲ್ಕಕ್ಕೆ ಅಮ್ಮನ ಹೆಸರಿನ ಫಲಕ ನಮ್ಮ ಹಳೇ ಮನೆಯ ಗೋಡೆಗೆ ಹೊಡೆಯುತ್ತಾರೆ, ನೀನು ಬಂದು ಪರದೆ ಎಳೆಯಬೇಕಂತೆ. ಬರಬೇಡ ಅಕ್ಕ. ನಲವತ್ತೊಂಬತ್ತು ವರ್ಷದಲ್ಲಿ ಅಮ್ಮನ ಮಣ್ಣಿಗೆ ಬಿಟ್ಟರೆ ಈ ಊರಿಗೆ ಕಾಲಿಟ್ಟವಳಲ್ಲ ನೀನು. ಅವತ್ತೂ ಸಮಾಧಿಯ ಪಕ್ಕ ನಿಂತು, ಯಾರ ಕೈಯ ಕಾಫಿಯನ್ನೂ ಮುಟ್ಟದೆ, ಬಂದ ಬಸ್ಸಿನಲ್ಲೇ ಹೊರಟುಹೋದೆ. ಈಗ ಇವರ ತುತ್ತೂರಿಗೆ ಮರುಳಾಗಿ ಬರಬೇಡ. ಯಾಕೆ ಅಂತ ಹೇಳುತ್ತೇನೆ ಕೇಳು, ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಫ್ರಗಾಲ್ ಅಂದರೆ ಈಗ ಏನು ಮರ್ಯಾದೆ ಅಂತೀಯ! ತಟ್ಟೆಯಗಲದ ಒಂದು ಸಿಹಿ ರೊಟ್ಟಿಯ ಹೆಸರಿಗೆ ಕಾಯ್ದೆಯ ರಕ್ಷಣೆ ಇದೆ, ಮುದ್ರೆ ಇದೆ, ಪೆಟ್ಟಿಗೆಯ ಮೇಲೆ ಹಳದಿ ನೀಲಿ ಚಕ್ರ ಇದೆ. ನಮ್ಮ ವಲಾಖ್ ಬೆಟ್ಟದ ಕಡೆಯವರು ಬಿಟ್ಟು ಬೇರೆಯವರು ಆ ಹೆಸರು ಎತ್ತುವ ಹಾಗಿಲ್ಲ. ನಮ್ಮ ಕಾಲದಲ್ಲಿ ಈ ಓಣಿಯಲ್ಲಿ ಆ ಮಾತು ಹೇಗಿತ್ತು ಅಂತ ನಿನಗೆ ನಾನು ಹೇಳಬೇಕೇ? ಒಲೆಯಲ್ಲಿ ಕುಸಿದುಹೋದದ್ದು, ಅಂಚು ಸುಟ್ಟದ್ದು, ಕೋಳಿಗೆ ಹಾಕುವಂಥದ್ದು ಫ್ರಗಾಲ್. ಒಳ್ಳೆಯದಕ್ಕೆ ಕೊಲಾಚ್ ಅನ್ನುತ್ತಿದ್ದರು. ಅಮ್ಮ ಒಣ ಮರಸೇಬನ್ನು ಅರೆದು, ಚಕ್ರಮೊಗ್ಗು ಹಾಕಿ, ಪ್ಲಮ್ ಸಾರಾಯಿ ಚುಮುಕಿಸಿ, ಟಾರಿನ ಹಾಗೆ ಕಪ್ಪಗೆ ಮಾಡಿ ತೆಳ್ಳಗಿನ ಹಿಟ್ಟಿನ ಮೇಲೆ ಬಳಿಯುತ್ತಿದ್ದಳಲ್ಲ, ಅದಕ್ಕೆ ಇವರಿಟ್ಟ ಹೆಸರು ‘ಜರ್ಮನ್ನೋಳ ಫ್ರಗಾಲ್’. ಅಮ್ಮ ಮಾತ್ರ ಬಾಗಿಲು ಹಾಕಿದ ಮೇಲೆ ಅದನ್ನು ತನ್ನ ತವರಿನ ಮಾತಿನಲ್ಲಿ ಕೂಖನ್ ಅನ್ನುತ್ತಿದ್ದಳು, ಅದೂ ಮೆಲ್ಲಗೆ.

ಈಗ ಅದೇ ಕರಿ ಮರಸೇಬಿನದೇ ಈ ಕಣಿವೆಯ ಹೆಮ್ಮೆಯಂತೆ. ನನ್ನ ಬ್ಲಾಂಕಾಳ ಬೇಕರಿಯಲ್ಲಿ ಶುಕ್ರವಾರ ಬಂತೆಂದರೆ ಸಾಲು ನಿಲ್ಲುತ್ತದೆ. ಮಗಳ ಕೈರುಚಿಗೆ ನಾನು ಬೇಡ ಅನ್ನುವುದಿಲ್ಲ, ಅಜ್ಜಿಯ ಕೈ ಬಂದಿದೆ ಅವಳಿಗೆ. ಆದರೆ ಏಪ್ರಿಲ್‌ನಲ್ಲಿ ಪಟ್ಟಣದಿಂದ ಇಬ್ಬರು ತಪಾಸಣೆಗೆ ಅಂತ ಬಂದರು. ಒಬ್ಬನ ಕೈಯಲ್ಲಿ ತಕ್ಕಡಿ, ಇನ್ನೊಬ್ಬನ ಕೈಯಲ್ಲಿ ಸ್ಕೇಲು. ನಿಜವಾಗಿ ಸ್ಕೇಲು, ಅಕ್ಕ! ಶಾಲೆಯ ಮಕ್ಕಳದ್ದು, ಬೆನ್ನಿಗೆ ಗುಣಾಕಾರ ಮಗ್ಗಿ ಅಚ್ಚಾಗಿತ್ತು. ಬಿಸಿ ಕೊಲಾಚ್ ಮೇಲೆ ಅದನ್ನು ಅಡ್ಡಡ್ಡ ಇಟ್ಟು, ಬೆಣ್ಣೆ ಅಂಟಿದ ಮೇಲೆ ಪ್ಯಾಂಟಿಗೆ ಒರೆಸಿಕೊಂಡು, ಮುಂದಿನದರ ಮೇಲೆ ಇಟ್ಟ.

“ಇದು ಒಂದು ಬೆರಳು ಜಾಸ್ತಿ ಇದೆ. ಇದಕ್ಕೆ ಆ ಹೆಸರು ಹಾಕಂಗಿಲ್ಲ” ಅಂದ.

“ಮತ್ತೆ ಇದೇನಪ್ಪ ಹಾಗಾದ್ರೆ? ಟೋಪಿಯಾ?” ಅಂದೆ.

“ಸುಮ್ನೆ ಕೊಲಾಚ್ ಅನ್ನಿ, ಅಮ್ಮ.”

ನೋಡು, ಅಮ್ಮನಿಗೆ ಇಡೀ ಜನ್ಮ ಬೇಡಿದರೂ ಸಿಗದ ಹೆಸರು ಈಗ ಶಿಕ್ಷೆಯಾಗಿ ಸಿಗುತ್ತಿದೆ. ನನಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ಬ್ಲಾಂಕಾ ನನ್ನ ತೋಳು ಹಿಡಿದು ಹಿತ್ತಲಿಗೆ ಕಳಿಸಿದಳು. ಇನ್ನೂ ಅಸಹ್ಯ ಕೇಳು. ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಫ್ರಗಾಲ್ ಮಾರುತ್ತಾರೆ, ಮುಟ್ಟಿದರೆ ಒದ್ದೆ ಚಪ್ಪಲಿಯ ಹಾಗಿರುತ್ತದೆ. ಪೊಟ್ಟಣದ ಮೇಲೊಬ್ಬಳು ಹುಡುಗಿ ತಲೆವಸ್ತ್ರ ಕಟ್ಟಿಕೊಂಡು ನಗುತ್ತಿದ್ದಾಳೆ. ಆ ತಲೆವಸ್ತ್ರದ ಗಂಟು ನಮ್ಮ ಕಡೆಯದೇ ಅಲ್ಲ, ಯಾವುದೋ ಬಯಲು ಸೀಮೆಯದು. ಅದನ್ನು ಅಳೆಯಲು ಯಾರೂ ಸ್ಕೇಲು ತರಲಿಲ್ಲ.

ಇನ್ನು ಫಲಕದ ಕಥೆ. ಸಂಘದ ಅಧ್ಯಕ್ಷ ಓರ್ಸಾಗ್ ಮೇಷ್ಟ್ರು. ಶಾಲೆಯಲ್ಲಿ ಕವಾಯತು ಕಲಿಸುತ್ತಿದ್ದವರು, ಈಗ ನಿವೃತ್ತಿಯಾಗಿ ಪರಂಪರೆ ಉಳಿಸುತ್ತಿದ್ದಾರೆ. ಈಸ್ಟರ್ ಮುಗಿದ ಮರುವಾರ ನಮ್ಮ ಮನೆಗೆ ಬಂದು, ಮೂರು ಕಪ್ ಕಾಫಿ ಕುಡಿದು, ಚೀಲದಿಂದ ಒಂದು ಹಾಳೆ ತೆಗೆದರು. ಫಲಕದ ಮೇಲೆ ಕೆತ್ತುವ ಮಾತು ಅದರಲ್ಲಿತ್ತು, ಕೆಳಗೆ ನನ್ನ ಸಹಿಗೆ ಗೆರೆ. ನಾನು ಕನ್ನಡಕ ಹಾಕಿಕೊಂಡು ಓದಿದೆ. ‘ಈ ಮನೆಯಲ್ಲಿ ಬಾಳಿದ ಹೆಡ್ವಿಕಾ, ಹಳೆಯ ವಲಾಖ್ ಕುಲದ ಮಗಳು. ಈ ಊರಿನ ಒಂದೊಂದು ಮದುವೆಯೂ ಆಕೆಯ ಫ್ರಗಾಲ್‌ನಿಂದಲೇ ಸಿಹಿಯಾಯಿತು. ಊರು ಆಕೆಯನ್ನು ಪ್ರೀತಿಸಿತು.’

ಅಕ್ಕ, ನನಗೆ ವಾಕರಿಕೆ ಬಂತು. ಉತ್ಪ್ರೇಕ್ಷೆ ಮಾಡುತ್ತಿಲ್ಲ, ಎದ್ದು ಹೋಗಿ ಕಿಟಕಿ ತೆಗೆದೆ.

“ಮೇಷ್ಟ್ರೇ, ನಮ್ಮಮ್ಮ ಓಡ್ರಾ ನದಿ ಕಡೆ ಜರ್ಮನ್ ಊರಿನವಳು. ಅಪ್ಪನ್ನ ಕಟ್ಕೊಂಡಿದ್ದಕ್ಕೆ ಅವಳೊಬ್ಬಳು ಉಳಿದ್ಲು. ಯುದ್ಧ ಮುಗಿದ್ಮೇಲೆ ಅವಳ ಅಪ್ಪ ಅಮ್ಮನ್ನ ದನದ ರೈಲಲ್ಲಿ ತುಂಬಿ ಕಳಿಸಿದ್ರು. ನಿಮಗೂ ಗೊತ್ತು, ನಿಮ್ಮಪ್ಪನಿಗೂ ಗೊತ್ತಿತ್ತು” ಅಂದೆ.

“ಗೊತ್ತು ಟಿಲ್ಕಮ್ಮ, ಗೊತ್ತಿಲ್ದೆ ಏನು. ಆದ್ರೆ ಫಲಕ ಓದೋರು ಪ್ರಾಗ್‌ನಿಂದ ಬರೋ ಜನ. ಅವರಿಗೆ ಇದೆಲ್ಲ ಯಾಕೆ? ತಿಂಡಿಗೇನು ಪಾಸ್‌ಪೋರ್ಟ್ ಇರತ್ತಾ?”

“ಇರತ್ತಲ್ಲ! ಮೊನ್ನೆ ತಾನೇ ಸ್ಕೇಲ್ ಹಿಡ್ಕೊಂಡು ಬಂದು ನೋಡ್ಕೊಂಡು ಹೋದ್ರು.”

ಮೇಷ್ಟ್ರು ತಲೆ ಕೆರೆದುಕೊಂಡರು. “ಹೋಗ್ಲಿ, ಕುಲದ ಮಾತು ತೆಗೀತೀನಿ ಬಿಡಿ. ಉಳಿದದ್ದಕ್ಕೆ ಸಹಿ ಹಾಕಿ. ಊರು ಪ್ರೀತಿಸ್ತು ಅನ್ನೋದರಲ್ಲಿ ಏನು ತಪ್ಪು?” ಅಂದರು.

ಬ್ಲಾಂಕಾ ಒಳಗಿನಿಂದ ಬಂದು, “ಅಮ್ಮಾ, ಒಂದು ಸಹಿ ತಾನೇ. ಅಜ್ಜಿ ಹೆಸರು ಗೋಡೆ ಮೇಲೆ ಬರತ್ತೆ ಅಂದ್ರೆ ನಿಂಗ್ಯಾಕೆ ಹೊಟ್ಟೆಯುರಿ?” ಅಂದಳು. ಹೊಟ್ಟೆಯುರಿ! ಹೆತ್ತ ಮಗಳ ಬಾಯಲ್ಲಿ ಈ ಮಾತು. ನಾನು ಸಹಿ ಹಾಕಲಿಲ್ಲ. ಹಾಳೆ ಇನ್ನೂ ಸಕ್ಕರೆ ಡಬ್ಬಿಯ ಕೆಳಗಿದೆ.

ಊರು ಪ್ರೀತಿಸಿತಂತೆ. ನಿನ್ನ ಮದುವೆ ನೆನೆಸಿಕೊಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಅಪ್ಪ ಕಾಡಿನಲ್ಲಿ ಮರ ಬಿದ್ದು ಸತ್ತು ಎರಡು ವರ್ಷವಾಗಿತ್ತು. ಮದುವೆಗೆ ಒಂಬತ್ತು ದಿನ ಇರುವಾಗ ಓಣಿಯ ಪ್ರತಿ ಮನೆಗೂ ಒಂದೊಂದು ಕೊಲಾಚ್ ಹೋಗಬೇಕು, ಅದೇ ಕರೆಯೋಲೆ. ಕೊಲಾಚ್ ಮುಟ್ಟಿದ ಮನೆಯ ಹೆಂಗಸು ಮದುವೆಯ ವಾರದಲ್ಲಿ ಮೊಟ್ಟೆ, ಬೆಣ್ಣೆ, ಹಿಟ್ಟು ಹಿಡಿದುಕೊಂಡು ಬಂದು, ಮದುವೆಮನೆಯ ಒಲೆಯಲ್ಲಿ ಜೊತೆಗೆ ಬೇಯಿಸಬೇಕು. ಮುಟ್ಟದ ಮನೆಯವರು ಚರ್ಚಿನ ಬಾಗಿಲಿಗೂ ಬರುವುದಿಲ್ಲ. ಅಮ್ಮ ಹನ್ನೊಂದು ಮನೆಗೆ ಹನ್ನೊಂದು ಮಾಡಿದಳು. ನಡುವೆ ಬಿಳಿ ಬಟ್ಟೆ ಹಾಸಿ ಬೆನ್ನಿನ ಬುಟ್ಟಿಗೆ ಜೋಡಿಸಿ, ಹನ್ನೆರಡು ವರ್ಷದ ನನ್ನ ಬೆನ್ನಿಗೆ ಕಟ್ಟಿ ಕಳಿಸಿದಳು.

ಆಮೇಲೆ ಏನಾಯಿತು ಅಂತ ನೀನೇ ನೋಡಿದ್ದೀಯ. ಬುಧವಾರ ಬೆಳಗ್ಗೆ ಅಮ್ಮ ಮೇಜು ಉಜ್ಜಿ, ಹಲಗೆಗಳನ್ನು ಬಿಸಿಲಿಗಿಟ್ಟು, ಒಲೆ ಕಾಯಿಸಿ, ಹನ್ನೊಂದು ಏಪ್ರನ್ ಇಸ್ತ್ರಿ ಮಾಡಿ ಬೆಂಚಿನ ಮೇಲಿಟ್ಟು ಕೂತಳು. ಒಂದು ನರಪಿಳ್ಳೆಯೂ ಬರಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆಯುವವರೆಗೂ ಬಾಗಿಲು ತೆರೆದೇ ಇತ್ತು. ಆಮೇಲೆ ಅವಳೇ ಎದ್ದು ಬಾಗಿಲು ಹಾಕಿ, ಏಪ್ರನ್‌ಗಳನ್ನು ಮಡಿಸಿಟ್ಟು, ಒಬ್ಬಳೇ ಹಿಟ್ಟು ನಾದಲು ಶುರುಮಾಡಿದಳು. ಶನಿವಾರ ಚರ್ಚಿನಲ್ಲಿ ಪಾದ್ರಿಯನ್ನೂ ಸೇರಿಸಿ ಎಂಟು ಜನ. ನೀನು ಬಸ್ ನಿಲ್ದಾಣದಲ್ಲಿ ತಲೆಯ ಹೂದಂಡೆ ಕಿತ್ತು ಚರಂಡಿಗೆ ಎಸೆದು, “ಇನ್ನು ಈ ಊರು ನನಗೆ ಸತ್ತಂತೆ” ಅಂದೆ. ಅಮ್ಮ ನಿನಗೆ ಸಮಾಧಾನವನ್ನೂ ಹೇಳಲಿಲ್ಲ, ತಡೆಯಲೂ ಇಲ್ಲ.

ಇಂಥ ಜನ ಈಗ ‘ಊರು ಪ್ರೀತಿಸಿತು’ ಅಂತ ಹಿತ್ತಾಳೆಯಲ್ಲಿ ಕೆತ್ತಿಸುತ್ತಾರೆ. ಥೂ!

ಹೋದ ಭಾನುವಾರ ಇನ್ನೊಂದಾಯಿತು, ಅದಕ್ಕೇ ಇವತ್ತು ಪೆನ್ನು ಹಿಡಿದೆ. ಸಂಘದ ಸಭಾಂಗಣದಲ್ಲಿ ರುಚಿ ನೋಡುವ ಕಾರ್ಯಕ್ರಮ ಇತ್ತು. ಎಲ್ಲರೂ ಕಾಗದದ ತಟ್ಟೆ ಹಿಡಿದು, ಕಣ್ಣು ಮುಚ್ಚಿ, ನಾಲಗೆ ಚಪ್ಪರಿಸಿ, ‘ಹ್ಞಾಂ, ಇದು ನಮ್ಮ ಮಣ್ಣಿನ ರುಚಿ’ ಅನ್ನುತ್ತಿದ್ದರು. ಮೂಲೆಯಲ್ಲಿ ಕೆಳಮನೆಯ ಫಿಲೋಮೇನಾ ಕೂತಿದ್ದಳು. ನೆನಪಿದೆಯಲ್ಲ, ನಿನಗಿಂತ ಏಳು ವರ್ಷ ದೊಡ್ಡವಳು, ಕುಂಟುಗಾಲಿನ ಅನೆಶ್ಕಾಳ ಮಗಳು. ಈಗ ಎಪ್ಪತ್ತಾರು. ಒಂದು ತುಣುಕು ಬಾಯಿಗಿಟ್ಟುಕೊಂಡು, ಎಲ್ಲರಿಗೂ ಕೇಳುವ ಹಾಗೆ ನನ್ನನ್ನು ಕರೆದಳು.

“ಲೇ ಟಿಲ್ಕಾ, ಇದು ನಿಮ್ಮಮ್ಮನ್ದೇ ರುಚಿಯಂತೆ ಕಣೆ. ಈಗ ತಿನ್ನೋ ಭಾಗ್ಯ ಬಂತು ನೋಡು ನಂಗೆ. ರೋಜಿನಾ ಮದ್ವೇಲಿ ನಮ್ಮನೆಗೊಂದು ಕೊಲಾಚ್ ಕಳಿಸ್ಲಿಲ್ಲ ನೀವು.”

“ಏನಂದೆ?”

“ಕಳಿಸ್ಲಿಲ್ಲ ಅಂದೆ. ನಮ್ಮವ್ವ ಮೂವತ್ತು ಮೊಟ್ಟೆ ಎತ್ತಿಟ್ಟಿದ್ಲು. ಬೆಣ್ಣೆ ತಣ್ಣೀರಲ್ಲಿ ಮುಳುಗಿಸಿಟ್ಟು ದಿನಾ ನೀರು ಬದಲಾಯಿಸೋಳು. ಗಂಡ ಸತ್ತ ಹೆಂಗ್ಸು, ಜರ್ಮನ್ನೋಳಾದ್ರೇನು, ಮಗಳ ಮದ್ವೆಗೆ ಕೈ ಹಾಕ್ದೆ ಇರಕ್ಕಾಗತ್ತಾ ಅಂತ ಓಣಿಯೋರಿಗೆಲ್ಲ ಅವಳೇ ಹೇಳ್ಕೊಂಡು ಬಂದಿದ್ಲು. ಒಂಬತ್ತು ದಿನಾನೂ ಬಾಗಿಲು ನೋಡಿದ್ಲು ಕಣೆ. ಬರ್ಲೇ ಇಲ್ಲ. ಕೊನೆಗೆ, ಆ ಹೆಡ್ವಿಕಾ ಕಣ್ಣಿಗೆ ನಾವು ಮನುಷ್ಯರೇ ಅಲ್ಲ ಅಂದು, ಮೊಟ್ಟೆ ಎಲ್ಲಾನೂ ಸಂತೆಗೆ ಕಳಿಸಿಬಿಟ್ಲು.”

ಓರ್ಸಾಗ್ ಮೇಷ್ಟ್ರು ಕೆಮ್ಮಿದರು. ನಾನು ತಟ್ಟೆಯನ್ನು ಮೇಜಿಗೆ ಕುಕ್ಕಿ, “ಸುಳ್ಳು! ಹಲ್ಲಿಲ್ಲದ ಬಾಯಲ್ಲಿ ಸುಳ್ಳು ಹೇಳ್ಬೇಡ, ಫಿಲೋಮೇನಾ” ಅಂದು ಹೊರಗೆ ಬಂದೆ. ಬೆನ್ನ ಹಿಂದೆ ಅವಳು, “ನಂಗ್ಯಾಕಮ್ಮ ಸುಳ್ಳು? ರೋಜಿನಾ ಬರ್ತಾಳಂತಲ್ಲ, ಅವಳನ್ನೇ ಕೇಳ್ತೀನಿ” ಅನ್ನುತ್ತಿದ್ದಳು. ಮನೆಗೆ ಬಂದು ಬಾಯಿ ಮುಕ್ಕಳಿಸಿದೆ.

ನೋಡಿದೆಯಾ ಅಕ್ಕ, ಎಂಥ ಜನ? ಇವರ ಜೊತೆ ನಿಂತು ನೀನು ಪರದೆ ಎಳೆಯಬೇಕೇ? ನೀನು ಬಂದರೆ ಆ ಮುದುಕಿ ನೇರವಾಗಿ ನಿನ್ನ ಹತ್ತಿರ ಬಂದು ಇದೇ ಕಥೆ ಹೇಳುತ್ತಾಳೆ. ನಿನ್ನ ಹೃದಯಕ್ಕೆ ಅದು ಒಳ್ಳೆಯದಲ್ಲ. ಬರಲಾಗುವುದಿಲ್ಲ ಅಂತ ಒಂದು ಕಾರ್ಡ್ ಬರೆದು ಹಾಕು, ಮಂಡಿ ನೋವು ಅಂದರೆ ಯಾರೂ ಏನೂ ಅನ್ನುವುದಿಲ್ಲ. ಜುಲೈನಲ್ಲಿ ನಾನೇ ಲಿಬೆರೆಟ್ಸ್‌ಗೆ ಬರುತ್ತೇನೆ, ಪ್ರತಿ ವರ್ಷದ ಹಾಗೆ ನಿನ್ನ ಬಾಲ್ಕನಿಯಲ್ಲಿ ಕೂತು ಜಗಳವಾಡೋಣ.

ದೇವರು ನಿನ್ನನ್ನು ಕಾಪಾಡಲಿ. ಮಂಡಿಗೆ ಎಲೆಕೋಸಿನ ಎಲೆ ಕಟ್ಟಿಕೋ. ಬೊರಿವೊಯ್ ಭಾವನ ಕೋಟನ್ನು ಇನ್ನಾದರೂ ಯಾರಿಗಾದರೂ ಕೊಡು, ನುಸಿ ತಿನ್ನುತ್ತದೆ. ನಿನ್ನ ಮುಂದಿನ ದಿನಗಳೆಲ್ಲ ಹಗುರವಾಗಿರಲಿ.

ನಿನ್ನ ತಂಗಿ
ಟಿಲ್ಕಾ

ಮರೆತ ಮಾತು: ಮೇ 22. ಕಾಗದ ಮೂರು ದಿನದಿಂದ ಮೇಜಿನ ಮೇಲೇ ಇದೆ. ದಿನಾ ಅಂಚೆಗೆ ಹಾಕಲು ಹೊರಟು, ಗೇಟಿನಿಂದ ವಾಪಸ್ ಬರುತ್ತಿದ್ದೇನೆ. ಮರೆತ ಮಾತು ಅಂತ ಬರೆದೆ, ಅದೂ ಸುಳ್ಳು. ಒಂದು ದಿನವೂ ಮರೆತಿಲ್ಲ.

ಫಿಲೋಮೇನಾ ಹೇಳಿದ್ದು ನಿಜ. ಕೊಲಾಚ್ ಅವರ ಮನೆಗೆ ಹೋಗಲಿಲ್ಲ. ಯಾವ ಮನೆಗೂ ಹೋಗಲಿಲ್ಲ.

ಅವತ್ತು ಬುಟ್ಟಿ ಹೊತ್ತು ಮೊದಲು ಅವರ ಮನೆಗೇ ಹೊರಟಿದ್ದೆ. ತಿರುವಿನ ಕಟ್ಟೆಯ ಮೇಲೆ ನನ್ನ ತರಗತಿಯ ಹುಡುಗಿಯರು ಕೂತಿದ್ದರು. “ಬಂತು ನೋಡ್ರೇ ಜರ್ಮನ್ ಫ್ರಗಾಲ್! ಯಾರಿಗೇ ಅದು?” ಅಂದರು. ನಾನು ಅತ್ತಿದ್ದರೆ ಚೆನ್ನಾಗಿತ್ತು. ನಾನು ನಕ್ಕೆ ಅಕ್ಕ. ನಕ್ಕು, “ಮನುಷ್ಯರಿಗಲ್ಲ ಕಣ್ರೇ, ಹಂದಿಗೆ” ಅಂದೆ. ಅವರೂ ನಕ್ಕರು, ಒಬ್ಬಳು ಪಕ್ಕದಲ್ಲಿ ಜಾಗ ಬಿಟ್ಟು ಬಾ ಕೂತ್ಕೋ ಅಂದಳು. ಈ ಊರಿನಲ್ಲಿ ನನಗೆ ಯಾರಾದರೂ ಜಾಗ ಬಿಟ್ಟಿದ್ದು ಅದೇ ಮೊದಲು. ಆ ಮಾತು ಆಡಿದ ಮೇಲೆ ಅವರ ಕಣ್ಣೆದುರಿಗೆ ಅನೆಶ್ಕಾಳ ಬಾಗಿಲು ತಟ್ಟುವುದು ನನ್ನಿಂದಾಗಲಿಲ್ಲ. ಸಹಕಾರಿ ಸಂಘದ ಹಂದಿದೊಡ್ಡಿಯ ಹಿಂಭಾಗಕ್ಕೆ ಹೋದೆ. ಹನ್ನೊಂದನ್ನೂ ಒಂದೊಂದಾಗಿ ಹಾಕಿದೆ. ಅಮ್ಮ ಮೇಲೆ ಉದುರಿಸಿದ್ದ ಬೆಣ್ಣೆ ಸಕ್ಕರೆಯ ಪುಡಿ ಹಂದಿಗಳ ಮೂತಿಗೆ ಅಂಟಿಕೊಂಡಿತ್ತು. ಪೂರ್ತಿ ಮುಗಿಯುವವರೆಗೂ ನಿಂತು ನೋಡಿದೆ, ಯಾಕೆಂದರೆ ಒಂದು ಚೂರು ಉಳಿದರೂ ಸಿಕ್ಕಿಬೀಳುತ್ತಿದ್ದೆ. ಬುಟ್ಟಿಯ ಬಿಳಿ ಬಟ್ಟೆಗಳನ್ನು ಹೊಳೆಯಲ್ಲಿ ಜಾಲಿಸಿಕೊಂಡು ಮನೆಗೆ ಬಂದು, “ಎಲ್ಲರೂ ಎರಡು ಕೈಯಲ್ಲಿ ತಗೊಂಡ್ರಮ್ಮ” ಅಂದೆ.

ಆ ಬುಧವಾರ ಅವಳು ಏಪ್ರನ್‌ಗಳನ್ನು ಇಸ್ತ್ರಿ ಮಾಡುವಾಗ ನಾನು ಪಕ್ಕದಲ್ಲೇ ಇದ್ದೆ. ಆಗಲಾದರೂ ಹೇಳಬಹುದಿತ್ತು. ಓಡಿಹೋಗಿ ಹನ್ನೊಂದು ಮನೆಯ ಬಾಗಿಲು ತಟ್ಟಬಹುದಿತ್ತು. ನೀನು ಹೂದಂಡೆ ಎಸೆದಾಗ ಹೇಳಬಹುದಿತ್ತು. ನಾನು ನಿನ್ನ ಜೊತೆ ಸೇರಿ ಊರನ್ನು ಬೈದೆ. ಅಂದಿನಿಂದ ಬೈಯುತ್ತಲೇ ಇದ್ದೇನೆ, ಈ ಕಾಗದದಲ್ಲೂ ನಾಲ್ಕು ಪುಟ ಬೈದಿದ್ದೇನೆ. ಓರ್ಸಾಗ್ ಮೇಷ್ಟ್ರ ಹಾಳೆ ಓದಿ ನನಗೆ ವಾಕರಿಕೆ ಬಂದಿದ್ದು ನಿಜ, ಆದರೆ ಅದು ಅವರ ಮೇಲಿನ ವಾಕರಿಕೆಯಲ್ಲ. ಊರು ಪ್ರೀತಿಸುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗದ ಹಾಗೆ ಮಾಡಿದವಳು ನಾನು. ಆ ಗೆರೆಯ ಮೇಲೆ ನಾನು ಹೇಗೆ ಸಹಿ ಹಾಕಲಿ?

ಕೊನೆಯ ಚಳಿಗಾಲದಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಾಗ ಒಂದು ಮಧ್ಯಾಹ್ನ ಕೇಳಿದಳು: “ಟಿಲ್ಕಾ, ಅವತ್ತು ಕೊಲಾಚ್ ತಗೊಳ್ಳುವಾಗ ಅವರ ಮುಖ ಹೆಂಗಿತ್ತೇ? ನೀನು ನೋಡಿದ್ದೀಯಲ್ಲ.” ಇಪ್ಪತ್ತಮೂರು ವರ್ಷ ಅವಳು ಅದನ್ನೇ ಯೋಚಿಸಿದ್ದಳು. ನನಗೆ ಆಗ ಮೂವತ್ತೈದು, ಮಗುವಲ್ಲ. ನಾನು, “ನಗ್ತಾ ಇದ್ರಮ್ಮ” ಅಂದೆ. ಅವಳು, “ನಗ್ತಾ ತಗೊಂಡು ಆಮೇಲೆ ಬರ್ಲಿಲ್ಲ ಅಂದ್ರೆ ನನ್ನ ಕೈರುಚೀನೇ ಸರಿ ಇರ್ಲಿಲ್ಲ ಬಿಡು” ಅಂದು ಗೋಡೆಯ ಕಡೆ ಹೊರಳಿದಳು.

ನಿನ್ನನ್ನು ಬರಬೇಡ ಅನ್ನುವ ಹಕ್ಕು ನನಗಿಲ್ಲ. ಬಾ ಅಂತ ಕರೆಯುವ ಮುಖವೂ ಇಲ್ಲ. ಬಂದರೆ ನನ್ನ ಮನೆಗೆ ಬರಬೇಡ, ಮೊದಲು ಫಿಲೋಮೇನಾಳ ಮನೆಗೆ ಹೋಗು. ಅವಳವ್ವ ನಿನಗೋಸ್ಕರ ಮೂವತ್ತು ಮೊಟ್ಟೆ ಎತ್ತಿಟ್ಟಿದ್ದಳು.